ಕಂಪ್ಯೂಟರ್ ಬಂತು, ಪಾಠದ ಯೋಜನೆ ಬರಲಿಲ್ಲ

ನಾವು ಹೈಸ್ಕೂಲಿನಲ್ಲಿದ್ದಾಗ ಕಂಪ್ಯೂಟರ್ ಕೋಣೆಗೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಿತ್ತು. ಒಂದು ಮೌಸ್‌ಗೆ ಐದು ಜನ ಕೈ ಚಾಚುತ್ತಿದ್ದೆವು. ಮಾನಿಟರ್, ಕೀಬೋರ್ಡ್, ಸಿಪಿಯು ಎಂದು ಹೆಸರು ಬರೆದುಕೊಂಡು ಬಂದರೆ ಪಾಠ ಮುಗಿಯಿತು. ಪಕ್ಕದ ಕೋಣೆಯಲ್ಲಿ ವಿಜ್ಞಾನದ ಮೇಷ್ಟ್ರು ಸೀಮೆಸುಣ್ಣದಲ್ಲಿ ಬಲ್ಬು, ವೈರಿನ ಚಿತ್ರ ಬರೆಯುತ್ತಿದ್ದರು. ಈ ಎರಡು ಕೋಣೆಗಳಿಗೆ ಸಂಬಂಧವೇ ಇರಲಿಲ್ಲ. ಯಾಕೆ ಹೀಗಾಯಿತು ಎಂದು ತಿಳಿಯಲು ಐವತ್ತು ವರ್ಷ ಹಿಂದಕ್ಕೆ ಹೋಗಬೇಕು.

1975ರ ಆಗಸ್ಟ್‌ನಿಂದ ಒಂದು ವರ್ಷ ಇಸ್ರೊ ‘ಸೈಟ್’ ಎಂಬ ಪ್ರಯೋಗ ನಡೆಸಿತು. ಅಮೆರಿಕದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತಲುಪಿತು. ನಮ್ಮ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಬೆಳಿಗ್ಗೆ ಶಾಲೆ ಮಕ್ಕಳಿಗೆ, ಸಂಜೆ ಊರವರಿಗೆ ಕಾರ್ಯಕ್ರಮ. ಇದರಲ್ಲಿ ಗಮನಿಸಬೇಕಾದ್ದು ಒಂದಿದೆ: ಪ್ರಾಥಮಿಕ ಶಾಲಾ ಶಿಕ್ಷಕರಿಗಾಗಿಯೇ ವಿಜ್ಞಾನ ಬೋಧನೆಯ ತರಬೇತಿ ಇಟ್ಟಿದ್ದರು. ಟಿವಿ ನೋಡುವುದು, ರೇಡಿಯೊ ಕೇಳುವುದು, ಪುಸ್ತಕ ಓದುವುದು, ಕೈಯಾರೆ ಪ್ರಯೋಗ ಮಾಡುವುದು, ಎಲ್ಲವೂ ಸೇರಿ ಒಂದೇ ಯೋಜನೆ. ಅಲ್ಲಿ ಯಂತ್ರ ಪಾಠದ ಹಿಂದೆ ನಡೆಯಿತು.

1984ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಯೋಜನೆ ಆರಂಭಿಸಿತು. ಮೊದಲ ಹಂತದಲ್ಲಿ 250 ಪ್ರೌಢಶಾಲೆಗಳಿಗೆ ಬ್ರಿಟನ್ನಿನ ಬಿಬಿಸಿ ಮೈಕ್ರೊ ಕಂಪ್ಯೂಟರ್ ಬಂದವು. ಆದರೆ ಯೋಜನೆಯ ಮುಖ್ಯ ಗುರಿ ‘ಕಂಪ್ಯೂಟರ್ ಸಾಕ್ಷರತೆ’, ಅಂದರೆ ಯಂತ್ರದ ಪರಿಚಯ. ಹೀಗೆ ಕಂಪ್ಯೂಟರೇ ಒಂದು ಬೇರೆ ವಿಷಯವಾಯಿತು.

2001ರ ಹೊತ್ತಿಗೆ ಕರ್ನಾಟಕ ಸರ್ಕಾರ ‘ಮಾಹಿತಿ ಸಿಂಧು’ ಹೆಸರಿನಲ್ಲಿ 1,000 ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣ ತಂದಿತು. ಹಳ್ಳಿ ಮಕ್ಕಳೂ ಕೀಬೋರ್ಡ್ ಮುಟ್ಟಿದ್ದು ಸಣ್ಣ ಮಾತಲ್ಲ. ಆದರೆ ಕಲಿಸುವ ಕೆಲಸ ಖಾಸಗಿ ಕಂಪನಿಗಳ ಕೈಲಿತ್ತು. ವಿಜ್ಞಾನ ಶಿಕ್ಷಕರು ಆ ಕೋಣೆಗೆ ಹೊರಗಿನವರಾಗಿಯೇ ಉಳಿದರು.

ದಾರಿ ಬದಲಾಗಿದ್ದು 2011ರ ಸುಮಾರಿಗೆ. ‘ವಿಷಯ ಶಿಕ್ಷಕರ ವೇದಿಕೆ’ಯಲ್ಲಿ ಸರ್ಕಾರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರೇ ಕಂಪ್ಯೂಟರ್ ಕಲಿತು, ತಮ್ಮ ಪಾಠಕ್ಕೆ ಬೇಕಾದ ಸಾಮಗ್ರಿ ತಾವೇ ಸಿದ್ಧಪಡಿಸತೊಡಗಿದರು.

ಇಷ್ಟು ಇತಿಹಾಸ ಹೇಳುವುದು ಒಂದೇ ಮಾತು: ಮೊದಲು ಪಾಠ, ಆಮೇಲೆ ಯಂತ್ರ. ಹತ್ತನೇ ತರಗತಿಯ ವಿದ್ಯುತ್ ಪಾಠವನ್ನೇ ನೋಡಿ. ಬಲ್ಬು ಹೊತ್ತಿಸಲು ಕಂಪ್ಯೂಟರ್ ಬೇಡ. ಟಾರ್ಚಿನ ಸೆಲ್ಲು, ಒಂದಿಷ್ಟು ವೈರು ಸಾಕು. ಅದನ್ನು ಮಕ್ಕಳು ಕೈಯಾರೆ ಮಾಡಲಿ. ಎರಡನೇ ಬಲ್ಬು ಸೇರಿಸಿದರೆ ಬೆಳಕು ಏನಾಗುತ್ತದೆ ಎಂದು ಮೊದಲೇ ಊಹಿಸಿ ಬರೆಯಲಿ. ಆದರೆ ವೈರಿನೊಳಗೆ ಎಲೆಕ್ಟ್ರಾನ್ ಓಡುವುದು ಕಣ್ಣಿಗೆ ಕಾಣದು. ಅಲ್ಲಿ ಕಂಪ್ಯೂಟರ್ ಬರಬೇಕು. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ‘ಫೆಟ್’ ಎಂಬ ಉಚಿತ ತಂತ್ರಾಂಶದಲ್ಲಿ ಬಲ್ಬು, ವೈರು ಜೋಡಿಸಿ ಅದನ್ನು ನೋಡಬಹುದು. ಮೊದಲೇ ಇಳಿಸಿಟ್ಟುಕೊಂಡರೆ ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಕೊನೆಗೆ ತಮ್ಮ ಊಹೆ ಸರಿಯೋ ತಪ್ಪೋ ಎಂದು ಮಕ್ಕಳು ನೋಟ್‌ಬುಕ್‌ನಲ್ಲಿ ಬರೆಯಲಿ. ಒಂದೇ ಕಂಪ್ಯೂಟರ್ ಇದ್ದರೂ ಇಷ್ಟು ಮಾಡಬಹುದು. ಕರೆಂಟ್ ಹೋದರೂ ಸೆಲ್ಲು, ಬಲ್ಬಿನ ಪಾಠ ನಿಲ್ಲುವುದಿಲ್ಲ.

ಮುಂದಿನ ಸಲ ನಿಮ್ಮೂರ ಶಾಲೆಯ ಎಸ್‌ಡಿಎಂಸಿ ಸಭೆಗೆ ಹೋದಾಗ ‘ಎಷ್ಟು ಕಂಪ್ಯೂಟರ್ ಇವೆ?’ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ‘ಈ ತಿಂಗಳು ವಿಜ್ಞಾನದ ಯಾವ ಪಾಠಕ್ಕೆ, ಯಾವ ದಿನ, ಅದನ್ನು ಬಳಸುತ್ತೀರಿ ಮೇಷ್ಟ್ರೇ?’ ಎಂದೂ ಕೇಳಿ. ಕೋಣೆಯ ಬೀಗ ತೆಗೆಸುವ ಪ್ರಶ್ನೆ ಅದು.