ದಡ ಸೇರಿದ ಮೇಲಿನ ಚರಿತ್ರೆ: ‘ರಾಮದಾಸ್’ ದುರಂತ ಮತ್ತು ಐತಿಹಾಸಿಕ ಕಾದಂಬರಿಯ ಹೊಣೆ

1947ರ ಜುಲೈ 17ರ ಬೆಳಿಗ್ಗೆ ಮುಂಬಯಿಯ ಭಾವುಚಾ ಧಕ್ಕಾದಿಂದ ರೇವಸ್ ಬಂದರಿಗೆ ಹೊರಟ ‘ರಾಮದಾಸ್’ ಆಗಬೋಟಿ ಕಾಶಾಚಾ ಖಡಕ್ ಎಂಬ ಬಂಡೆಯ ಸಮೀಪ ಮಗುಚಿ ಮುಳುಗಿತು. ಅದು ಆಷಾಢ ಅಮಾವಾಸ್ಯೆಯ ಹೊತ್ತು. ಮರಾಠಿಗರಿಗೆ ಗಟಾರಿ, ಕನ್ನಡಿಗರಿಗೆ ಭೀಮನ ಅಮಾವಾಸ್ಯೆ, ತುಳುನಾಡಿನವರಿಗೆ ಆಟಿ ಅಮಾವಾಸ್ಯೆ. ಹಬ್ಬಕ್ಕೆಂದು ಊರಿಗೆ ಹೊರಟವರಿಂದ ಹಡಗು ತುಂಬಿತ್ತು. ದೊಡ್ಡ ಅಲೆಯೊಂದು ಅಪ್ಪಳಿಸಿದಾಗ ಹೆದರಿದ ಜನ ಒಂದೇ ಮಗ್ಗುಲಿಗೆ ನುಗ್ಗಿದರೆಂದೂ ಹಡಗು ವಾಲಿತೆಂದೂ ಬದುಕಿ ಬಂದವರು ಹೇಳಿದ್ದಾರೆ. ಸತ್ತವರು ಆರುನೂರಕ್ಕೂ ಹೆಚ್ಚು. ಹಡಗು ಒಡೆದು ಬದುಕುಳಿದವರ ಕಥೆಯನ್ನು ಕಾದಂಬರಿಕಾರರು ಬಹುಮಟ್ಟಿಗೆ ನೀರಿನಲ್ಲೇ ನಿಲ್ಲಿಸುತ್ತಾರೆ. ಆದರೆ ರಾಮದಾಸ್‌ನ ಸಾಕ್ಷ್ಯಗಳನ್ನು ಜೋಡಿಸಿ ನೋಡಿದರೆ, ಐತಿಹಾಸಿಕ ಕಾದಂಬರಿಯ ನಿಜವಾದ ವಸ್ತು ಇರುವುದು ಮುಳುಗಡೆಯ ಆ ಕೆಲವು ನಿಮಿಷಗಳಲ್ಲಲ್ಲ, ದಡದ ಮೇಲಿನ ಮುಂದಿನ ವರ್ಷಗಳಲ್ಲಿ ಎಂಬುದು ಈ ಲೇಖನದ ವಾದ.

ಹೋಲಿಕೆಗೆ ‘ವೈತರಣಾ’ ಹಡಗನ್ನು ನೋಡಬಹುದು. ವಿದ್ಯುದ್ದೀಪಗಳಿದ್ದ ಕಾರಣ ಜನ ಅದನ್ನು ‘ವೀಜಳೀ’ ಎಂದು ಕರೆಯುತ್ತಿದ್ದರು. 1888ರ ನವೆಂಬರಿನಲ್ಲಿ ಕಚ್ಛದ ಮಾಂಡವಿಯಿಂದ ಮುಂಬಯಿಗೆ ಬರುತ್ತಿದ್ದಾಗ ಸೌರಾಷ್ಟ್ರದ ಕರಾವಳಿಯಾಚೆ ಚಂಡಮಾರುತಕ್ಕೆ ಸಿಕ್ಕಿ ಅದು ಕಣ್ಮರೆಯಾಯಿತು, ಒಬ್ಬರೂ ಉಳಿಯಲಿಲ್ಲ. ಸಾಕ್ಷಿ ಹೇಳುವವರಿಲ್ಲದ ಆ ಜಾಗವನ್ನು ಲಾವಣಿಗಳು ತುಂಬಿದವು. ಗುಣವಂತರಾಯ ಆಚಾರ್ಯರ ಗುಜರಾತಿ ಕಾದಂಬರಿ ‘ಹಾಜಿ ಕಾಸಮ್ ತಾರೀ ವೀಜಳೀ’ ಹುಟ್ಟಿದ್ದು ಆ ಪರಂಪರೆಯ ನೆರಳಿನಲ್ಲೇ. ಅಲ್ಲಿ ಐತಿಹ್ಯ ಬೆಳೆದದ್ದು ಸಹಜ. ರಾಮದಾಸ್‌ನ ಸ್ಥಿತಿ ಬೇರೆ. ಅದರಿಂದ ಇನ್ನೂರಕ್ಕೂ ಹೆಚ್ಚು ಮಂದಿ ಬದುಕಿ ಬಂದು ಮಾತಾಡಿದ್ದಾರೆ. ಹಾಗಿದ್ದೂ ಅದನ್ನು ಕಡಲಿನ ಮುನಿಸಿನ ಕಥೆಯಾಗಿಯೇ ಬರೆದರೆ, ಕೈಯಲ್ಲಿರುವ ಸಾಕ್ಷ್ಯವನ್ನು ಕೈಯಾರೆ ನೀರಿಗೆ ಬಿಟ್ಟಂತಾಗುತ್ತದೆ.

ಆ ಸಾಕ್ಷ್ಯ ಏನು ಹೇಳುತ್ತದೆ? ಹಡಗಿನಲ್ಲಿ ನಿಸ್ತಂತು ಉಪಕರಣ ಇರಲಿಲ್ಲ. ಬೆಳಿಗ್ಗೆ ನಡೆದ ಅನಾಹುತ ಮುಂಬಯಿಗೆ ತಿಳಿದದ್ದು ಈಜಿ, ತೇಲಿ ದಡ ಮುಟ್ಟಿದವರ ಬಾಯಿಂದ, ಮಧ್ಯಾಹ್ನ ಕಳೆದ ಮೇಲೆ. ಅಷ್ಟು ಹೊತ್ತೂ ನೀರಿನಲ್ಲಿದ್ದವರಿಗೆ ಆಸರೆಯಾದವರು ಕೋಳಿ ಸಮುದಾಯದ ಮೀನುಗಾರರು. ಮುಂಬಯಿ ಮಾರುಕಟ್ಟೆಗೆ ಮೀನು ಹೇರಿಕೊಂಡು ಹೊರಟಿದ್ದ ರೇವಸ್‌ನ ದೋಣಿಗಳವರು ಆ ಮೀನನ್ನೆಲ್ಲ ಕಡಲಿಗೆ ಸುರಿದು ಜನರನ್ನು ಹತ್ತಿಸಿಕೊಂಡರು ಎಂಬ ವಿವರ ಮರಾಠಿ ಬರಹಗಳಲ್ಲಿ ಬರುತ್ತದೆ. ಈ ಒಂದು ವಿವರದ ಮುಂದೆ ನಾನು ಮತ್ತೆ ಮತ್ತೆ ನಿಲ್ಲುತ್ತೇನೆ. ಮಳೆಗಾಲದ ಮೀನು ಎಂದರೆ ಆ ಮನೆಗಳ ಅಕ್ಕಿ, ಸಾಲದ ಕಂತು. ಅದನ್ನು ಸುರಿಯುವ ತೀರ್ಮಾನ ತೆಗೆದುಕೊಳ್ಳಲು ದೋಣಿ ನಡೆಸುವ ತಾಂಡೇಲನಿಗೆ ಎಷ್ಟು ಹೊತ್ತು ಬೇಕಾಯಿತು, ಸಂಜೆ ಮನೆಯಲ್ಲಿ ಏನು ಮಾತಾಯಿತು, ಆ ನಷ್ಟ ಯಾರ ತಲೆಗೆ ಬಂತು? ‘ರಾಬಿನ್ಸನ್ ಕ್ರೂಸೋ’ (1719) ಹಾಕಿಕೊಟ್ಟ ದಾರಿಯಲ್ಲಿ ಬದುಕುಳಿಯುವುದು ಒಬ್ಬಂಟಿಯ ಜಾಣ್ಮೆ. ರಾಮದಾಸ್‌ನಲ್ಲಿ ಅನೇಕರ ಪಾಲಿಗೆ ಅದು ಇನ್ನೊಬ್ಬರು ಹೊತ್ತ ನಷ್ಟ.

ಇನ್ನು ಸತ್ತವರ ಎಣಿಕೆ. ಅದು ಮೂಲದಿಂದ ಮೂಲಕ್ಕೆ ಬದಲಾಗುತ್ತದೆ. ಸಿಗದ ಪ್ರತಿಯೊಂದು ಶವದ ಹಿಂದೆ ಒಂದು ಸಂಸಾರದ ಪ್ರಶ್ನೆ ನಿಲ್ಲುತ್ತದೆ. ಆಗ ಜಾರಿಯಲ್ಲಿದ್ದ 1872ರ ಸಾಕ್ಷ್ಯ ಅಧಿನಿಯಮದ 108ನೇ ಕಲಮಿನಂತೆ, ಏಳು ವರ್ಷ ಸುದ್ದಿಯೇ ಇಲ್ಲದವನು ಬದುಕಿದ್ದಾನೆ ಎನ್ನುವವರ ಮೇಲೆ ಅದನ್ನು ಸಾಬೀತುಪಡಿಸುವ ಹೊರೆ ಬೀಳುತ್ತಿತ್ತು. ಹಡಗು ಮುಳುಗಿದ್ದು ಜಗಜ್ಜಾಹೀರಾದ ಮೇಲೆ ಕೋರ್ಟು ಅಷ್ಟು ಕಾಯಬೇಕಾಗಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ಸರಿಯೇ, ಆದರೆ ಅವನು ಆ ಹಡಗನ್ನೇ ಹತ್ತಿದ್ದ ಎಂಬುದಕ್ಕೆ ಪುರಾವೆ ಬೇಕು. ಟಿಕೆಟು ಅವನ ಜೊತೆಗೇ ಮುಳುಗಿದ್ದರೆ? ಕುಂಕುಮ ಅಳಿಸಬೇಕೋ ಬೇಡವೋ, ಹೊಲ ಯಾರ ಹೆಸರಿಗೆ ಹೋಗಬೇಕು ಎಂಬ ತೊಳಲಾಟ 1954ರವರೆಗೂ ಎಳೆಯಬಹುದಾದದ್ದು. ಇಂಥ ಕಾದಂಬರಿಗೆ ಆ ಏಳು ವರ್ಷಗಳೇ ಕಾಲಾವಧಿ. ದುರಂತವಾಗಿ ತಿಂಗಳು ತುಂಬುವ ಮೊದಲೇ ಬಂದ ಸ್ವಾತಂತ್ರ್ಯದ ಸಂಭ್ರಮವೂ ಅದರೊಳಗೇ ಬರಬೇಕು.

ಕಾದಂಬರಿ ಚರಿತ್ರೆಯ ದಾಸಿಯಲ್ಲ, ಲೇಖಕ ಎಲ್ಲಿ ಬೇಕಾದರೂ ಕಥೆ ನಿಲ್ಲಿಸಬಹುದು ಎಂಬುದು ಗಂಭೀರ ಆಕ್ಷೇಪ. ಲೇಖಕನ ಆ ಸ್ವಾತಂತ್ರ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ತಾಂಡೇಲನ ಹೆಸರು, ಅವನ ಹೆಂಡತಿಯ ಮಾತು, ಅವರ ಜಗಳ ಎಲ್ಲವೂ ಕಲ್ಪನೆಯ ಹಕ್ಕು. ಆದರೆ ಅಮಾವಾಸ್ಯೆಯ ಭರತ, ನಿಸ್ತಂತುವಿಲ್ಲದ ಹಡಗು, ತಡವಾಗಿ ಬಂದ ಸುದ್ದಿ ಇವುಗಳನ್ನು ಬದಲಿಸಿದರೆ ಹೊಣೆಗಾರರು ಕಥೆಯಿಂದ ಜಾರಿಕೊಳ್ಳುತ್ತಾರೆ. ತಪ್ಪೆಲ್ಲ ಅಲೆಯ ಮೇಲೆ ಬೀಳುತ್ತದೆ.

ಇದು ಕೊಂಕಣದ ಮರಾಠಿಗರ ನೋವು, ಕನ್ನಡ ಲೇಖಕನಿಗೇನು ಕೆಲಸ ಎಂಬುದು ಇನ್ನೊಂದು ಆಕ್ಷೇಪ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗುವ ದಶಕಗಳ ಮೊದಲು ಮಂಗಳೂರು, ಕಾರವಾರದ ಜನ ಮುಂಬಯಿ ಮುಟ್ಟಿದ ದಾರಿಗಳಲ್ಲಿ ಇದೇ ಕಡಲೂ ಒಂದು. ಅವರ ಮಕ್ಕಳು ಮೊಮ್ಮಕ್ಕಳು ಇಂದು ನವಿ ಮುಂಬಯಿಯಲ್ಲಿ ನೆಲೆಸಿದ್ದಾರೆ. ಅಲ್ಲಿನ ಸೀವುಡ್ಸ್‌ನ ಪಕ್ಕದಲ್ಲೇ ಠಾಣೆ ಖಾಡಿ ರಾಮದಾಸ್ ಹಾದುಹೋದ ಬಂದರಿನ ನೀರಿಗೆ ಸೇರುತ್ತದೆ. ಅಲ್ಲಿಯ ಕರಾವೆಯಲ್ಲಿ ಹಡಗು ಅಧಿಕಾರಿಗಳನ್ನು ತರಬೇತು ಮಾಡುವ ಟಿ.ಎಸ್. ಚಾಣಕ್ಯ ಸಂಸ್ಥೆಯಿದೆ, ಅದೇ ಕರಾವೆ ಆಗ್ರಿ-ಕೋಳಿಗಳ ಹಳೆಯ ಊರೂ ಹೌದು. ಮೊದಲನೆಯ ವಿದ್ಯೆ ಕಡತ, ನಿಯಮ, ಪ್ರಮಾಣಪತ್ರಗಳಲ್ಲಿ ಉಳಿಯುತ್ತದೆ. ನೀರಿನ ಬಣ್ಣ ನೋಡಿ ಬಂಡೆ ಗುರುತಿಸುವ ಎರಡನೆಯದು ಬಾಯಿಮಾತಿನಲ್ಲೇ ಇದೆ, ಮತ್ತು 1947ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ತೊಂಬತ್ತರ ಹತ್ತಿರ. ಈ ಖಾಡಿಯ, ಆ ಬಂದರಿನ ಕೋಳಿವಾಡಗಳಲ್ಲಿ ಕೂತು ಆ ಮಾತುಗಳನ್ನು ಬರೆದಿಟ್ಟುಕೊಳ್ಳುವ ಕೆಲಸ ಕಾದಂಬರಿಯ ಮೊದಲ ಅಧ್ಯಾಯಕ್ಕಿಂತ ಮುಂಚೆ ಆಗಬೇಕು. ಮರಾಠಿ ಬಲ್ಲ ಮುಂಬಯಿ ಕನ್ನಡಿಗರಿಗೆ ಅದು ಕಷ್ಟದ ಕೆಲಸವೂ ಅಲ್ಲ.