ಧಕ್ಕೆಯಿಂದ ಗೇಟಿನವರೆಗೆ: ದೂರವಾದ ಮಂಗಳೂರ ಬಂದರು

ಮಳೆಗಾಲ ಮುಗಿದು ಕಡಲು ಶಾಂತವಾಗುತ್ತಿದ್ದಂತೆ ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ಪ್ರವಾಸಿ ಹಡಗುಗಳು ಬರತೊಡಗುತ್ತವೆ. ಬೆಳಿಗ್ಗೆ ಇಳಿದ ಪ್ರವಾಸಿಗರು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿ ದೇವಸ್ಥಾನ, ಗೇರುಬೀಜದ ಕಾರ್ಖಾನೆಗಳನ್ನು ನೋಡಿಕೊಂಡು ಸಂಜೆಯ ವೇಳೆಗೆ ಮತ್ತೆ ಹಡಗು ಹತ್ತುತ್ತಾರೆ. ಆದರೆ ಬಂದರಿನ ಎದುರಿನ ಹೆದ್ದಾರಿಯಲ್ಲಿ ದಿನನಿತ್ಯ ಸಿಟಿ ಬಸ್ಸಿನಲ್ಲಿ ಓಡಾಡುವ ಮಂಗಳೂರಿಗರು ಪಾಸಿಲ್ಲದೆ ಗೇಟು ದಾಟುವಂತಿಲ್ಲ. ಕಡಲನ್ನೇ ನಂಬಿ ಬೆಳೆದ ಊರಿನಲ್ಲಿ ಹೀಗೇಕಾಯಿತು?

ಹಿಂದೆ ಹೀಗಿರಲಿಲ್ಲ. ನೇತ್ರಾವತಿ ಮತ್ತು ಗುರುಪುರ ನದಿಗಳು ಸಮುದ್ರ ಸೇರುವ ಅಳಿವೆಯ ಒಳಗೆ, ಪೇಟೆಯ ಮಗ್ಗುಲಲ್ಲೇ ಹಳೆ ಬಂದರು ಇದೆ. 14ನೇ ಶತಮಾನದಲ್ಲಿ ಇಲ್ಲಿಗೆ ಬಂದಿದ್ದ ಇಬ್ನ್ ಬತೂತ, ಪರ್ಷಿಯಾ ಮತ್ತು ಯೆಮನ್‌ನ ವರ್ತಕರನ್ನು ಕಂಡುದಾಗಿ ಬರೆದಿದ್ದಾನೆ. ಗೋದಾಮು, ಮಂಡಿ, ಮಸೀದಿ, ಧಕ್ಕೆ ಎಲ್ಲವೂ ಒಂದೇ ಕೇರಿಯಲ್ಲಿ. ಸಾಮಾನು ಕೊಳ್ಳಲು ಹೋದವನು ಹಡಗನ್ನೂ ನೋಡಿ ಬರುತ್ತಿದ್ದ.

ಹಾಗೆಂದು ಪ್ರಯಾಣ ಸುಲಭವಾಗಿತ್ತೆಂದಲ್ಲ. ಅಳಿವೆಯ ಆಳ ಕಡಿಮೆ. ದೊಡ್ಡ ಸ್ಟೀಮರುಗಳು ಹೊರಗೆ ಸಮುದ್ರದಲ್ಲೇ ಲಂಗರು ಹಾಕಬೇಕಿತ್ತು. ಜನ ದೋಣಿಗಳಲ್ಲಿ ಅಲೆಗಳನ್ನು ದಾಟಿ ಹೋಗಿ ಹಡಗು ಹತ್ತಬೇಕಿತ್ತು. ಮಳೆಗಾಲದಲ್ಲಂತೂ ಬಂದರು ಮುಚ್ಚಿರುತ್ತಿತ್ತು. 1907ರಲ್ಲಿ ರೈಲು ಬಂದರೂ ಅದು ಮಲಬಾರಿನ ಮೂಲಕ ಮದ್ರಾಸಿನ ಕಡೆಗೆ ಹೋಗುವ ದಾರಿ. ಕರಾವಳಿಯ ರಸ್ತೆಗೆ ನದಿಗಳು ಅಡ್ಡ. ಕಡವು ದಾಟಿ ದಾಟಿ ಸಾಗಬೇಕು. ಹೀಗಾಗಿ ಮುಂಬಯಿಯ ಹೋಟೆಲು, ಗಿರಣಿಗಳಲ್ಲಿ ಕೆಲಸ ಹುಡುಕಿ ಹೊರಟ ದಕ್ಷಿಣ ಕನ್ನಡದವರಿಗೆ ಸ್ಟೀಮರೇ ನೇರ ದಾರಿಯಾಗಿತ್ತು. ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ್ದು 1998ರಲ್ಲಷ್ಟೇ.

ವರ್ಷವಿಡೀ ತೆರೆದಿರುವ ಆಳವಾದ ಬಂದರು ಬೇಕೆಂಬ ಬೇಡಿಕೆ ಈಡೇರಿದ್ದು ಪಣಂಬೂರಿನಲ್ಲಿ. ನೆಲವನ್ನು ಅಗೆದು ಕೃತಕವಾಗಿ ಕೊಲ್ಲಿ ನಿರ್ಮಿಸುವ ಕೆಲಸ 1962ರಲ್ಲಿ ಆರಂಭವಾಯಿತು. 1974ರ ಮೇ 4ರಂದು ಇದು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಣೆಯಾಯಿತು. 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಕುದುರೆಮುಖದ ಅದಿರು, ನಂತರ ಕಚ್ಚಾ ತೈಲ, ಕಲ್ಲಿದ್ದಲು ಇಲ್ಲಿ ಸಾಗಿದವು. ಇದಕ್ಕಾಗಿ ಮನೆ, ಗದ್ದೆ ಬಿಟ್ಟುಕೊಟ್ಟವರು ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ಹೊಸದಾಗಿ ಬದುಕು ಕಟ್ಟಿಕೊಳ್ಳಬೇಕಾಯಿತು. ಬಂದರು ಪೇಟೆಯಿಂದ ಸುಮಾರು 10 ಕಿಲೋಮೀಟರ್ ದೂರ ಸರಿಯಿತು.

ದೂರಕ್ಕಿಂತಲೂ ಹೆಚ್ಚಾಗಿ ಬದಲಾದದ್ದು ಕಾನೂನು. ವಿದೇಶಿ ಹಡಗು ನಿಂತ ಧಕ್ಕೆ ಎಂದರೆ ದೇಶದ ಗಡಿಯೇ ಸರಿ. ಅಲ್ಲಿ ಸುಂಕ ಇಲಾಖೆ ಮತ್ತು ವಲಸೆ ವಿಭಾಗದ ತಪಾಸಣೆ ಇರುತ್ತದೆ. 2001ರ ಅಮೆರಿಕದ ದಾಳಿಯ ಬಳಿಕ ಹಡಗು ಹಾಗೂ ಬಂದರುಗಳ ಭದ್ರತೆಗೆ ಅಂತರರಾಷ್ಟ್ರೀಯ ನಿಯಮಾವಳಿ ರೂಪುಗೊಂಡು, 2004ರ ಜುಲೈ 1ರಿಂದ ಜಾರಿಗೆ ಬಂತು. ಬಂದರಿಗೆ ಹೋಗುವವರ ಗುರುತು ಮತ್ತು ಉದ್ದೇಶವನ್ನು ಪರೀಕ್ಷಿಸುವುದು ಎಲ್ಲೆಡೆ ಕಡ್ಡಾಯವಾಯಿತು. ಇತ್ತ ವಿದೇಶಿ ಪ್ರವಾಸಿಗೆ ದಾರಿ ಸುಗಮವಾಗುತ್ತ ಬಂತು. ಇ-ವೀಸಾ ಸೌಲಭ್ಯಕ್ಕೆ 2017ರಲ್ಲಿ ಆಯ್ಕೆಯಾದ ಐದು ಬಂದರುಗಳಲ್ಲಿ ನವಮಂಗಳೂರೂ ಒಂದು.

ಹಳೆ ಬಂದರಿನಲ್ಲಿ ಮಾತ್ರ ಹಿಂದಿನ ನಂಟು ಉಳಿದಿದೆ. ಲಕ್ಷದ್ವೀಪಕ್ಕೆ ಸರಕು ಹೊರುವ ಮಂಜಿಗಳು ಅಲ್ಲಿ ನಿಲ್ಲುತ್ತವೆ. ಅಮಿನಿ, ಕಡಮತ್ ಮೊದಲಾದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು ಎಂಬುದು ಹಲವರಿಗೆ ಮರೆತುಹೋಗಿದೆ.

ಭದ್ರತೆ ಬೇಕು, ನಿಜ. ಆದರೆ ಬಂದರಿಗಾಗಿ ನೆಲ ಕೊಟ್ಟ ಊರಿನ ಮಕ್ಕಳು ಹಡಗನ್ನು ಪತ್ರಿಕೆಯ ಚಿತ್ರದಲ್ಲಷ್ಟೇ ನೋಡಬೇಕೇ? ವರ್ಷಕ್ಕೆ ಕೆಲವು ದಿನವಾದರೂ ಅವರಿಗಾಗಿ ಆ ಗೇಟು ತೆರೆದರೆ ಕಡಲಿನೊಡನೆ ಊರಿನ ನಂಟು ಉಳಿದೀತು.