ಧ್ರುವದಿಂದ ತಂದದ್ದು

ಯಾತ್ರೆಗೆ ಹೋದವರು ಬರಿಗೈಯಲ್ಲಿ ಬರಬಾರದೆಂಬುದು ನಮ್ಮ ಕಡೆಯ ರೂಢಿ. ಕಾಶಿಗೆ ಹೋದವರು ಬಾಯಿ ಬೆಸೆದ ಗಂಗೆಯ ಗಿಂಡಿ ತರುತ್ತಾರೆ. ಕೊಲ್ಲೂರಿಗೆ ಹೋದವರು ಒಂದು ಚಿಟಿಕೆ ಕುಂಕುಮವನ್ನಾದರೂ ತರುತ್ತಾರೆ. ಮುಂಬಯಿ ಹೋಟೆಲಿನಿಂದ ಊರಿಗೆ ಬರುವ ನೆಂಟರ ಚೀಲದ ಮೇಲೆ ಮಕ್ಕಳೆಲ್ಲ ಕಣ್ಣಿಟ್ಟು ಕೂರುತ್ತಿದ್ದ ಕಾಲವೂ ಒಂದಿತ್ತು. ಹಾಗಾದರೆ ಭೂಮಿಯ ಎರಡು ತುದಿಗಳಿಗೆ ಹೋಗಿ ಬಂದವರು ಏನು ತಂದರು? ಈ ಪ್ರಶ್ನೆಯನ್ನು ನನ್ನ ತಲೆಗೆ ಹಾಕಿದವನು ಒಂಬತ್ತನೇ ತರಗತಿಯ ಒಬ್ಬ ಹುಡುಗ. ಗಂಗೊಳ್ಳಿಯ ಬೋಟುಗಳಲ್ಲಿ ದುಡಿಯುವ ಮನೆಯವನು. ಹವಾಮಾನ ಬದಲಾವಣೆಯನ್ನು ಕಲಿಸಲೆಂದು ಹೊರದೇಶದ ವಿದ್ಯಾರ್ಥಿಗಳನ್ನು ಹಡಗಿನಲ್ಲಿ ಧ್ರುವಪ್ರದೇಶಕ್ಕೆ ಕರೆದೊಯ್ಯುವುದನ್ನು ಮೊಬೈಲಿನಲ್ಲಿ ನೋಡಿದ್ದನಂತೆ. “ಅಲ್ಲಿಗ್ ಹೋಯಿ ಐಸ್ ಕಂಡ್ಕಂಡ್ ಬಂದ್ರೆ ಎಂತ ಗೊತ್ತಾತ್ತ್ ಟೀಚರೇ? ಐಸ್ ನಮ್ ಬೋಟಗೂ ಇತ್ತಲ್ದಾ?” ಎಂದು ಕೇಳಿದ.

ನಾನು ಬಿ.ಎ., ಬಿ.ಎಡ್. ಮಾಡಿ ಸಮಾಜ ಪಾಠ ಹೇಳುವವಳು. ಇತಿಹಾಸದ ಟೀಚರಿಗೆ ಒಂದು ಅನುಕೂಲವಿದೆ. ಎಂತಹ ಪ್ರಶ್ನೆ ಬಂದರೂ “ಹಿಂದೆ ಹೋದವರು ಏನು ಮಾಡಿದರು, ನಾಳೆ ನೋಡುವ” ಎಂದು ಒಂದು ದಿನದ ಗಡುವು ಪಡೆಯಬಹುದು. ನಾನು ಪಡೆದ ಗಡುವು ಬೆಳೆದು ಬೆಳೆದು ಒಂದು ಇಡೀ ಮಳೆಗಾಲವಾಯಿತು.

ವಿದ್ಯಾರ್ಥಿಗಳನ್ನು ಧ್ರುವಕ್ಕೆ ಕರೆದೊಯ್ಯುವುದು ಈಚಿನ ಹುಚ್ಚೇನಲ್ಲ. ೧೯೨೧ರಲ್ಲಿ ಅರ್ನೆಸ್ಟ್ ಶ್ಯಾಕಲ್ಟನ್ ‘ಕ್ವೆಸ್ಟ್’ ಹಡಗಿನಲ್ಲಿ ತನ್ನ ಕೊನೆಯ ಯಾತ್ರೆಗೆ ಹೊರಟಾಗ ಇಬ್ಬರು ಸ್ಕೌಟ್ ಹುಡುಗರನ್ನು ಆರಿಸಿಕೊಂಡಿದ್ದ. ಅವರಲ್ಲಿ ನಾರ್ಮನ್ ಮೂನಿ ಎಂಬವನು ಕಡಲ ವಾಕರಿಕೆ ತಾಳಲಾರದೆ ಮಡೀರಾ ದ್ವೀಪದಿಂದಲೇ ಮನೆಗೆ ಮರಳಿದ. (ಇದನ್ನು ಹೇಳಿದಾಗ ನನ್ನ ತರಗತಿಯ ಬೋಟಿನ ಮಕ್ಕಳು ಬಹಳ ಹೊತ್ತು ನಕ್ಕರು.) ಇನ್ನೊಬ್ಬ ಜೇಮ್ಸ್ ಮಾರ್. ಹಡಗಿನ ಚಿಲ್ಲರೆ ಕೆಲಸಗಳನ್ನೆಲ್ಲ ಮಾಡುತ್ತ ಯಾತ್ರೆ ಮುಗಿಸಿದ ಈ ಹುಡುಗ ಮುಂದೆ ಕಡಲ ಜೀವಶಾಸ್ತ್ರಜ್ಞನಾದ. ದಕ್ಷಿಣ ಸಾಗರದ ತಿಮಿಂಗಿಲಗಳು ತಿಂದು ಬದುಕುವ ಕ್ರಿಲ್ ಎಂಬ, ನಮ್ಮ ಸಿಗಡಿಯಂತಹ ಪುಟ್ಟ ಜೀವಿಯ ಬಗ್ಗೆ ೧೯೬೨ರಲ್ಲಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದ. ೧೯೨೮ರಲ್ಲಿ ಅಮೆರಿಕದ ಬರ್ಡ್ ಜೊತೆಗೆ ಹೋದ ಪಾಲ್ ಸೈಪಲ್ ಕೂಡ ಹತ್ತೊಂಬತ್ತರ ಸ್ಕೌಟ್. ಗಾಳಿ ಬೀಸಿದಷ್ಟೂ ಮೈಗೆ ಚಳಿ ಎಷ್ಟು ಹೆಚ್ಚುತ್ತದೆ ಎಂಬುದನ್ನು ಲೆಕ್ಕಕ್ಕೆ ತಂದವನು ಅವನೇ. ಕೆನಡಾದಲ್ಲಿ ‘ಸ್ಟುಡೆಂಟ್ಸ್ ಆನ್ ಐಸ್’ ಎಂಬ ಸಂಸ್ಥೆ ಹುಟ್ಟಿದ್ದು ೨೦೦೦ದಲ್ಲಿ. ಇವೆರಡರ ನಡುವೆ ಸುಮಾರು ಎಂಬತ್ತು ವರ್ಷಗಳ ಅಂತರ. ಈಗ ಪ್ರವಾಸಿಗಳ ಸಂಖ್ಯೆಯೇ ವರ್ಷಕ್ಕೆ ಒಂದು ಲಕ್ಷ ದಾಟಿದೆ. ಫೋಟೋ ತೆಗೆದುಕೊಂಡು ವಾರದೊಳಗೆ ತಿರುಗುವ ಇವರೆಲ್ಲ ಮಾರ್‌ನ ವಂಶದವರೆಂದು ಒಪ್ಪಲು ನನಗೆ ಮನಸ್ಸಿಲ್ಲ.

ಧ್ರುವದಿಂದ ಬಂದ ಸಾಮಾನುಗಳಲ್ಲಿ ನನಗೆ ಬಹಳ ದೊಡ್ಡದಾಗಿ ಕಾಣುವುದು ಒಂದು ಹೊರೆ ಕಲ್ಲು. ಅಮುಂಡ್‌ಸನ್ ೧೯೧೧ರ ಡಿಸೆಂಬರ್ ೧೪ರಂದು ದಕ್ಷಿಣ ಧ್ರುವ ಮುಟ್ಟಿದ; ಸ್ಕಾಟ್ ತಲುಪಿದ್ದು ೧೯೧೨ರ ಜನವರಿ ೧೭ಕ್ಕೆ. ಸೋತು ಹಿಂದಿರುಗುವ ದಾರಿಯಲ್ಲಿ ಸ್ಕಾಟ್‌ನ ತಂಡ ಬಂಡೆಗಳ ಬಳಿ ನಿಂತು ಕಲ್ಲುಗಳನ್ನು ಆರಿಸಿತು. ಅನ್ನ, ಎಣ್ಣೆ ಎರಡೂ ತೀರುತ್ತಿದ್ದರೂ ಆ ಹದಿನಾರು ಕಿಲೋ ಭಾರವನ್ನು ಅವರು ಎಸೆಯಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಹುಡುಕಿಕೊಂಡು ಹೋದವರಿಗೆ ಡೇರೆಯಲ್ಲಿ ಮೂವರ ಹೆಣಗಳು ಸಿಕ್ಕವು. ಅವರು ಎಳೆದು ತಂದ ಕಲ್ಲುಗಳೂ ಸಿಕ್ಕವು. ಕಲ್ಲುಗಳಲ್ಲಿ ಎಲೆಯ ಅಚ್ಚಿತ್ತು. ಗ್ಲಾಸಾಪ್ಟೆರಿಸ್ ಎಂಬ, ನಾಲಗೆಯಾಕಾರದ ಎಲೆ. ಒಂದು ಹುಲ್ಲುಗರಿಯೂ ಇಲ್ಲದ ಆ ಬಿಳಿ ನೆಲದಲ್ಲಿ ಒಂದು ಕಾಲಕ್ಕೆ ಕಾಡಿತ್ತು!

ಈ ಎಲೆ ನಮಗೆ ಪರಕೀಯವಲ್ಲ. ಇಪ್ಪತ್ತೈದು ಕೋಟಿ ವರ್ಷಗಳಿಗೂ ಹಿಂದೆ ಭಾರತ, ಅಂಟಾರ್ಕ್ಟಿಕಾ, ಆಫ್ರಿಕಾ ಎಲ್ಲ ಒಂದೇ ಮನೆಯವು. ಆ ಮನೆಗೆ ವಿಜ್ಞಾನಿಗಳು ಇಟ್ಟ ಹೆಸರು ಗೊಂಡ್ವಾನ. ನಮ್ಮ ಮಧ್ಯಭಾರತದ ಗೊಂಡರ ನಾಡಿನ ಹೆಸರು ಅದು. ನಮ್ಮ ಪಾಲಿಗೆ ಬಂದ ಗ್ಲಾಸಾಪ್ಟೆರಿಸ್ ಕಾಡು ಮಣ್ಣಿನಡಿ ಸೇರಿ ಕಲ್ಲಿದ್ದಲಾಯಿತು. ಸಿಂಗರೇಣಿಯಲ್ಲಿ ಅಗೆಯುವುದು ಅದನ್ನೇ. ರಾಯಚೂರಿನ ಶಕ್ತಿನಗರದಲ್ಲಿ ಉರಿಸುವುದೂ ಅದನ್ನೇ. ನಮ್ಮ ಶಾಲೆಯ ಫ್ಯಾನು ತಿರುಗುವುದರಲ್ಲಿ ಆ ಎಲೆಗೂ ಒಂದು ಪಾಲಿದೆ. ಒಡಹುಟ್ಟಿದವರಲ್ಲಿ ಒಬ್ಬರ ಮನೆಯ ಹೊಗೆ ಇನ್ನೊಬ್ಬರ ಮಾಡನ್ನು ಕರಗಿಸುವ ಕಥೆ ಇದು ಎಂದಾಗ ಮಕ್ಕಳು ಸುಮ್ಮನಾದರು.

ಹೊಗೆಯ ಲೆಕ್ಕ ಸಿಕ್ಕಿದ್ದೂ ಹಿಮದಲ್ಲೇ. ಇಲ್ಲಿ ಹುಡುಗನ ಬೋಟಿನ ಐಸು ನನ್ನ ಸಹಾಯಕ್ಕೆ ಬಂತು. ಬಂದರಿನ ಐಸ್ ಪ್ಲಾಂಟಿನ ದಿಮ್ಮಿಯನ್ನು ನೋಡಿದವರಿಗೆ ಗೊತ್ತು: ಹೊರಮೈ ಗಾಜಿನಂತೆ, ನಡುವೆ ಹಾಲಿನಂತೆ ಬಿಳುಪು. ಆ ಬಿಳುಪು ಸಿಕ್ಕಿಬಿದ್ದ ಗಾಳಿಯ ಗುಳ್ಳೆಗಳದು. ಅಂಟಾರ್ಕ್ಟಿಕಾದಲ್ಲಿ ಬಿದ್ದ ಹಿಮ ಕರಗದೆ, ವರ್ಷದ ಮೇಲೆ ವರ್ಷ ಒತ್ತಿ ಒತ್ತಿ ಗಟ್ಟಿಯಾಗುತ್ತದೆ. ಆಯಾ ಕಾಲದ ಗಾಳಿ ಅದರೊಳಗೇ ಉಳಿಯುತ್ತದೆ. ಕಿಲೋಮೀಟರುಗಟ್ಟಲೆ ಆಳಕ್ಕೆ ಕೊರೆದು ತೆಗೆದ ಹಿಮದ ಕಂಬಗಳಿಂದ ಎಂಟು ಲಕ್ಷ ವರ್ಷಗಳ ಗಾಳಿಯನ್ನು ಓದಿದ್ದಾರೆ. ಅಷ್ಟೂ ಕಾಲ ಇಂಗಾಲದ ಡೈಆಕ್ಸೈಡು ಹತ್ತು ಲಕ್ಷಕ್ಕೆ ಮುನ್ನೂರು ಭಾಗದ ಆಚೀಚೆ ದಾಟಿರಲಿಲ್ಲ. ಚಾರ್ಲ್ಸ್ ಕೀಲಿಂಗ್ ೧೯೫೮ರಲ್ಲಿ ಹವಾಯಿಯ ಬೆಟ್ಟದ ಮೇಲೆ ಅಳೆಯಲು ತೊಡಗಿದಾಗ ೩೧೫ರ ಆಸುಪಾಸಿನಲ್ಲಿತ್ತು. ಈಗ ೪೨೦ನ್ನೂ ಮೀರಿದೆ. ಕಾರ್ಖಾನೆಯಿಲ್ಲದ, ವಾಹನದ ಗಲಾಟೆಯಿಲ್ಲದ ದಕ್ಷಿಣ ಧ್ರುವದಲ್ಲೇ ೨೦೧೬ರಲ್ಲಿ ೪೦೦ ದಾಟಿತು.

ನಮ್ಮ ದೇಶದವರು ಹೋದ ಕಥೆ ನನಗೆ ನೆನಪಿರುವ ಕಾಲದ್ದು. ಸೈಯದ್ ಜಹೂರ್ ಖಾಸಿಂ ಮುಂದಾಳುತನದ ೨೧ ಮಂದಿಯ ತಂಡ ೧೯೮೧ರ ಡಿಸೆಂಬರ್ ೬ರಂದು ಗೋವೆಯಿಂದ ಹೊರಟು ೧೯೮೨ರ ಜನವರಿ ೯ಕ್ಕೆ ಅಲ್ಲಿ ಕಾಲಿಟ್ಟಿತು. ೧೯೮೩ರ ಕೊನೆಗೆ ಹೊರಟ ತಂಡದಲ್ಲಿ ಸುದೀಪ್ತಾ ಸೇನ್‌ಗುಪ್ತಾ, ಅದಿತಿ ಪಂತ್ ಎಂಬ ಇಬ್ಬರು ಮಹಿಳಾ ವಿಜ್ಞಾನಿಗಳಿದ್ದರು. ಪೇಪರಿನ ಸುದ್ದಿ ಓದಿ ಹೇಳಿದಾಗ ನಮ್ಮ ಅಜ್ಜಿ “ಆ ಚಳಿಯಗೆ ಹೆಂಗ್ಸ್ರಿಗೆ ಎಂತ ಕೆಲ್ಸ?” ಎಂದಿದ್ದರು. ೨೦೧೬ರ ನವೆಂಬರಿನಿಂದ ಭಾರತದ ‘ಭಾರತಿ’ ನೆಲೆಯಲ್ಲಿ ೪೦೩ ದಿನ ಕಳೆದ ಇಸ್ರೋದ ಮಂಗಳಾ ಮಣಿಯವರಿಗೆ ಐವತ್ತಾರು ವರ್ಷ, ತಂಡದಲ್ಲಿ ಅವರೊಬ್ಬರೇ ಹೆಂಗಸು. ಅಜ್ಜಿ ಇದ್ದಿದ್ದರೆ ಇದನ್ನೂ ಓದಿ ಹೇಳುತ್ತಿದ್ದೆ. ಮೊಣಕಾಲು ನೋವೆಂದು ಮೆಟ್ಟಿಲು ಹತ್ತಲು ಹಿಂದೆಮುಂದೆ ನೋಡುವ ನನಗೂ ಅದು ಕೇಳಬೇಕಾದ ಸುದ್ದಿಯೇ.

ನಾವು ಅಲ್ಲಿ ಕಟ್ಟಿದ ಮೊದಲ ಮನೆ ‘ದಕ್ಷಿಣ ಗಂಗೋತ್ರಿ’ ಹಿಮದ ಹಾಸಿನ ಮೇಲಿತ್ತು. ಬರಬರುತ್ತ ಹಿಮದಲ್ಲೇ ಹೂತುಹೋಗಿ ೧೯೯೦ರ ಹೊತ್ತಿಗೆ ಅದನ್ನು ಬಿಡಬೇಕಾಯಿತು. ಎರಡನೆಯ ಮನೆ ‘ಮೈತ್ರಿ’ಯನ್ನು ಬಂಡೆಯ ಮೇಲೆ ಕಟ್ಟಿದರು. ಅದರ ಹತ್ತಿರವೇ ಒಂದು ಹಿಮನದಿಯ ಅಂಚಿದೆ. ನಮ್ಮ ಭೂವಿಜ್ಞಾನಿಗಳು ದಶಕಗಳಿಂದ ಅದೇ ಅಂಚಿಗೆ ಹೋಗಿ ಅಳೆಯುತ್ತ ಬಂದಿದ್ದಾರೆ. ಅದು ನಿಧಾನವಾಗಿ ಹಿಂದೆ ಸರಿದಿದೆ. ಪೇಪರಿನಲ್ಲಿ ಚಿತ್ರ ಬರುವಂತಹ ಕೆಲಸವಲ್ಲ. ಆದರೆ ಹೋದದ್ದು ಸಾರ್ಥಕವಾಗುವುದು ಇಂತಹದ್ದರಿಂದ ಎಂದು ನನಗನ್ನಿಸುತ್ತದೆ. ಒಮ್ಮೆ ನೋಡಿದವನಿಗೆ ಅದು ಬರೇ ಐಸು. ಮೂವತ್ತು ಸಲ ಅಳೆದವರಿಗೆ ಸುದ್ದಿ.

ಅಷ್ಟು ದೂರದ ಸುದ್ದಿ ಮರವಂತೆಗೆ ಏಕೆ? ಸಮುದ್ರದಲ್ಲಿ ತೇಲುವ ಐಸು ಕರಗಿದರೆ ನೀರೇನೂ ಏರದು. ನೆಲದ ಮೇಲಿನದು ಕರಗಿ ಇಳಿದರೆ ಏರುತ್ತದೆ. ಒಂದು ಪಾತ್ರೆಯಲ್ಲಿ ತೇಲುವ ಐಸು, ಇನ್ನೊಂದರಲ್ಲಿ ಕಲ್ಲಿನ ಮೇಲಿಟ್ಟ ಐಸು ಇಟ್ಟು ನೋಡಿದರೆ ತಿಳಿಯುತ್ತದೆ. ಆದರೆ ನನ್ನನ್ನು ಬೆಚ್ಚಿಸಿದ್ದು ಬೇರೆ ಸಂಗತಿ. ಅಂಟಾರ್ಕ್ಟಿಕಾದ ಹಿಮದ ರಾಶಿ ಎಷ್ಟು ಭಾರವೆಂದರೆ ಸುತ್ತಲಿನ ಸಮುದ್ರವನ್ನೇ ತನ್ನ ಕಡೆಗೆ ಎಳೆದುಕೊಂಡಿದೆ. ಹಿಮ ಕರಗಿದಂತೆ ಆ ಸೆಳೆತ ಸಡಿಲವಾಗಿ, ಹತ್ತಿರದಲ್ಲಿ ನೀರು ಇಳಿದು ದೂರದಲ್ಲಿ ಸರಾಸರಿಗಿಂತ ಹೆಚ್ಚು ಏರುತ್ತದೆ. ಆ ದೂರ ಎಂದರೆ ನಾವೇ. ೧೯೦೧ರಿಂದ ೨೦೧೮ರವರೆಗೆ ಜಗತ್ತಿನ ಕಡಲು ಸರಾಸರಿ ೨೦ ಸೆಂಟಿಮೀಟರು, ಎಂದರೆ ಒಂದು ಗೇಣಿಗೆ ತುಸು ಕಡಿಮೆ ಏರಿದೆ. ಏರುವ ವೇಗವೂ ಹೆಚ್ಚುತ್ತಿದೆ.

ಹಾಗೆಂದು ಮರವಂತೆಯಲ್ಲಿ ಪ್ರತಿ ಮಳೆಗಾಲ ಕಡಲು ದಂಡೆ ತಿನ್ನುವುದೆಲ್ಲ ಧ್ರುವದ ಹಿಮದಿಂದಲೇ ಎಂದು ನಾನು ಹೇಳಿಕೊಡುವುದಿಲ್ಲ. ಅಲೆಗಳ ದಿಕ್ಕು, ಹೊಳೆಯ ಮರಳು ತೆಗೆಯುವುದು, ಬಂದರಿಗೆ ಹಾಕಿದ ತಡೆಗೋಡೆ, ಎಲ್ಲದಕ್ಕೂ ಅದರದರ ಪಾಲಿದೆ. ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವ ಚಟ ದೊಡ್ಡವರಿಗೆ ಬಂದಿದೆ, ಮಕ್ಕಳಿಗೆ ಬೇಡ. ಯಾವುದರ ಪಾಲೆಷ್ಟು ಎಂದು ತಿಳಿಯಲು ಅಳತೆ ಬೇಕು. ಮುಂಬಯಿಯಲ್ಲಿ ೧೮೭೮ರಿಂದ ಕಡಲ ಮಟ್ಟ ಬರೆದಿಟ್ಟಿದ್ದಾರೆ. ಅದರಿಂದಲೇ ಇವತ್ತು ಮಾತಾಡಲು ಸಾಧ್ಯವಾಗಿದೆ.

ನಮ್ಮ ಶಾಲೆಯಲ್ಲಿ ಈಗ ಒಂದು ಉದ್ದ ಪುಸ್ತಕವಿದೆ. ಅಮಾಸೆ, ಹುಣ್ಣಿಮೆಗಳಂದು ಭರತದ ನೀರು ಎಲ್ಲಿಯವರೆಗೆ ಬಂತೆಂದು ಗುರುತಿನಿಂದ ಟೇಪು ಹಿಡಿದು ಬರೆಯುತ್ತಾರೆ. ಯಾರ ಮನೆಯ ಬಾವಿ ಯಾವ ತಾರೀಕಿಗೆ ಉಪ್ಪಾಯಿತೆಂಬುದಕ್ಕೆ ಬೇರೆ ಪುಟ. ಮೊದಲ ಗುರುತಾಗಿ ಇಟ್ಟುಕೊಂಡದ್ದು ಆ ಹುಡುಗನ ಅಜ್ಜಿಮನೆಯ ಹಿಂದಿನ ತೆಂಗಿನ ಮರ. ಎರಡನೆಯ ಆಷಾಢದಲ್ಲಿ ಮರವೇ ಕಡಲು ಸೇರಿತು. ಅವನೇ ಕೆಂಪು ಶಾಯಿಯಲ್ಲಿ ‘ಮರ ಇಲ್ಲ’ ಎಂದು ಬರೆದು, ದೇವಸ್ಥಾನದ ಕೆಳಗಿನ ಮೆಟ್ಟಿಲಿನಿಂದ ಹೊಸದಾಗಿ ಅಳೆದ. ಅಜ್ಜಿಯನ್ನು ಆ ವರ್ಷವೇ ಮಗಳ ಮನೆಗೆ, ಬ್ರಹ್ಮಾವರಕ್ಕೆ ಕರೆದುಕೊಂಡು ಹೋದರು.

ಅಂಟಾರ್ಕ್ಟಿಕಾಕ್ಕೆ ಹೋಗುವ ದುಡ್ಡು ನಮ್ಮಲ್ಲಿಲ್ಲ. ಆದರೆ ವಾಸ್ಕೋದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದಲ್ಲಿ ಅಲ್ಲಿಂದ ತಂದ ಹಿಮದ ಕಂಬಗಳನ್ನು ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ಕಾಪಾಡಿದ್ದಾರೆ. ಕುಂದಾಪುರದಿಂದ ಗೋವೆಗೆ ಕೊಂಕಣ ರೈಲಿದೆ. ಈ ಸಲದ ಶೈಕ್ಷಣಿಕ ಪ್ರವಾಸಕ್ಕೆ ಮೈಸೂರಿನ ಬದಲು ಅದೇ ಆಗಲಿ ಎಂದು ಸ್ಟಾಫ್ ಮೀಟಿಂಗಿನಲ್ಲಿ ಹೇಳಿದ್ದೇನೆ. ಹೆಡ್‌ಮಾಸ್ಟ್ರು ಮಕ್ಕಳಲ್ಲಿ ಎಷ್ಟು ಮಂದಿಗೆ ಸ್ವೆಟರ್ ಇದೆಯೆಂದು ಎಣಿಸಲು ಹೇಳಿದ್ದಾರೆ. ಹನ್ನೊಂದು ಆಗಿದೆ.